ಬೇಜಾರು, ಮಂಡೆಬಿಸಿ, ಮೋಕೆ: ಮಾತು ಮತ್ತು ಮನಸ್ಸಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಿ ಪ್ರೀತಿ, ಸಾವು, ಮನಸ್ಸಿನ ಕಾಯಿಲೆ ಇವುಗಳ ಮಾತು ಬಂದಾಗ ನಾವು ತಡವರಿಸುತ್ತೇವೆ. ಆ ತಡವರಿಕೆಯ ಸುತ್ತ ಜನ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ನಾನು ಕನ್ನಡ ಪಾಠ ಮಾಡಿದವನು, ವೈದ್ಯನಲ್ಲ. ಮಾತ್ರೆ, ಡೋಸುಗಳ ಪ್ರಶ್ನೆಗೆ ಇಲ್ಲಿ ಉತ್ತರ ಸಿಗಲಿಕ್ಕಿಲ್ಲ. ಸಾಯುವ ಯೋಚನೆ ಬರುತ್ತಿರುವವರು ಇದನ್ನೆಲ್ಲ ಓದುತ್ತ ಕೂರುವುದು ಬೇಡ, ಈಗಲೇ ಟೆಲಿ ಮಾನಸ್ ಎಂಬ ಸರಕಾರಿ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು.

ಒಂದು ಪದದಿಂದ ಮನಸ್ಸಿಗೆ ನಿಜವಾಗಿ ಏನಾದರೂ ಆಗುತ್ತದಾ, ಅಥವಾ ಇದು ಬರೀ ಮಾತಿನ ಮರುಳಾ?

ಆಗುತ್ತದೆ, ಆದರೆ ಒಂದು ಮಿತಿಯೊಳಗೆ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮ್ಯಾಥ್ಯೂ ಲೀಬರ್‌ಮನ್ ಮತ್ತು ಜೊತೆಗಾರರು 2007ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಸಿಟ್ಟಿನ, ಹೆದರಿಕೆಯ ಮುಖಗಳ ಚಿತ್ರ ತೋರಿಸುತ್ತ ಜನರ ಮೆದುಳನ್ನು ಸ್ಕ್ಯಾನ್ ಮಾಡಿದರು. ಮುಖದಲ್ಲಿ ಕಂಡ ಭಾವಕ್ಕೆ ಸರಿಯಾದ ಪದ ಆರಿಸಿದಾಗ, ಭಯಕ್ಕೆ ತಟ್ಟನೆ ಎಚ್ಚರಗೊಳ್ಳುವ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ತಗ್ಗಿತು. ಅದೇ ಮುಖಕ್ಕೆ ಗಂಡಸಿನದೋ ಹೆಂಗಸಿನದೋ ಒಂದು ಹೆಸರು ಆರಿಸಿದಾಗ ಅಷ್ಟು ತಗ್ಗಲಿಲ್ಲ.

2012ರಲ್ಲಿ ಇದೇ ಬಳಗದವರೂ ಸೇರಿ ಮಾಡಿದ ಇನ್ನೊಂದು ಪ್ರಯೋಗ ನನಗೆ ಹೆಚ್ಚು ಇಷ್ಟ. ಜೇಡಕ್ಕೆ ಹೆದರುವವರನ್ನು ದೊಡ್ಡದೊಂದು ಜೀವಂತ ಜೇಡದ ಹತ್ತಿರ ಕರೆದೊಯ್ದರು. ಒಂದು ಗುಂಪಿನವರು ತಮ್ಮ ಹೆದರಿಕೆಯನ್ನೇ ಬಾಯಿಬಿಟ್ಟು ಹೇಳಬೇಕಿತ್ತು. ಇನ್ನೊಂದು ಗುಂಪಿನವರು 'ಇದರಿಂದ ನನಗೆ ಅಪಾಯ ಇಲ್ಲ' ಎಂಬಂಥ ಸಮಾಧಾನದ ಮಾತು ಹೇಳಿಕೊಳ್ಳಬೇಕಿತ್ತು. ವಾರ ಕಳೆದು ಮತ್ತೆ ಜೇಡದ ಮುಂದೆ ನಿಲ್ಲಿಸಿ ಅಂಗೈ ಬೆವರಿನ ಪ್ರತಿಕ್ರಿಯೆ ಅಳೆದಾಗ, ಹೆದರಿಕೆಯನ್ನು ಹೆಸರಿಟ್ಟು ಹೇಳಿದವರದ್ದೇ ಕಮ್ಮಿ ಇತ್ತು. ನಾವು ಮನೆಯಲ್ಲಿ ಮಕ್ಕಳಿಗೆ 'ಎಂತ ಇಲ್ಲ, ಎಂತ ಇಲ್ಲ' ಅನ್ನುತ್ತೇವಲ್ಲ, ಅದು ಎರಡನೆಯ ಗುಂಪಿನ ದಾರಿ.

ಮಿತಿ ಏನೆಂದರೆ, ಸೊಸೈಟಿಯ ಸಾಲ ಬಾಕಿ ಇರುವವನಿಗೆ 'ನಿನ್ನದು ಕಳವಳ' ಎಂದು ಹೇಳಿದರೆ ಕಂತು ಕಮ್ಮಿಯಾಗುವುದಿಲ್ಲ. ಆದರೆ ಅವನು ಅದನ್ನು ಹೆಂಡತಿಯ ಹತ್ತಿರ ಹೇಳಬಹುದು. ಪದ ಸಿಗುವ ತನಕ ಅದೂ ಆಗುವುದಿಲ್ಲ.

ನಮ್ಮಲ್ಲಿ ಎಲ್ಲದಕ್ಕೂ 'ಬೇಜಾರು' ಅಂತೇವೆ. ತಪ್ಪಾ?

ತಪ್ಪೇನಿಲ್ಲ, ಬಹಳ ಉಪಕಾರದ ಪದ ಅದು. ಆದರೆ ಅದಕ್ಕೆ ಎಷ್ಟು ಕೆಲಸ ಕೊಟ್ಟಿದ್ದೇವೆ ನೋಡಿ. 'ಭಾನುವಾರ ಮನೆಯಲ್ಲಿ ಕೂತು ಬೇಜಾರು.' 'ನೀವು ಹಾಗೆ ಹೇಳಿದ್ದು ಬೇಜಾರಾಯ್ತು.' 'ಅಮ್ಮ ಹೋದ ಮೇಲೆ ಬೇಜಾರು.' 'ಈ ಕೆಲಸವೇ ಬೇಜಾರು ಬಂದಿದೆ.' 'ಬೇಜಾರು ಮಾಡ್ಬೇಡಿ, ದುಡ್ಡು ಮುಂದಿನ ವಾರ ಕೊಡ್ತೇನೆ.' ಹೊತ್ತು ಹೋಗದಿರುವುದು, ಮನಸ್ಸು ನೋಯುವುದು, ಅಗಲಿಕೆ, ದಣಿವು, ಕ್ಷಮೆ ಎಲ್ಲವೂ ಒಂದೇ ಪದದ ಮೇಲೆ. ಕೇಳಿದವರಿಗೆ ಈಗ ತಾನು ಏನು ಮಾಡಬೇಕೆಂದು ಗೊತ್ತಾಗುವುದಿಲ್ಲ. ಹೊತ್ತು ಹೋಗದವನನ್ನು ಪಣಂಬೂರು ಬೀಚಿಗೆ ಕರೆದುಕೊಂಡು ಹೋದರೆ ಸಾಕು. ಅಮ್ಮನನ್ನು ಕಳೆದುಕೊಂಡವಳಿಗೆ ಅದೇ ಮದ್ದು ಕೊಟ್ಟರೆ ಅವಳು ಇನ್ನಷ್ಟು ಒಂಟಿಯಾಗುತ್ತಾಳೆ.

ಹಾಗಾಗಿ ನಾನು ಪದವನ್ನು ಅಳೆಯುವುದು ಒಂದೇ ರೀತಿಯಲ್ಲಿ: ಅದನ್ನು ಕೇಳಿದವರು ಮುಂದೆ ಏನು ಮಾಡಿಯಾರು?

ಮನಶ್ಶಾಸ್ತ್ರಜ್ಞೆ ಲಿಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತಿತರರು ಹಲವು ವರ್ಷ ಕೆಲಸ ಮಾಡಿದ್ದು ಇದರ ಮೇಲೆಯೇ. ತಮ್ಮ ಭಾವನೆಗಳನ್ನು ಬಿಡಿಬಿಡಿಯಾಗಿ ಗುರುತಿಸಬಲ್ಲವರು, ಎಲ್ಲವನ್ನೂ 'ಸರಿ ಇಲ್ಲ' ಎಂಬ ಒಂದೇ ಗಂಟಿಗೆ ಕಟ್ಟುವವರಿಗಿಂತ ಕಷ್ಟದ ದಿನಗಳನ್ನು ಚೆನ್ನಾಗಿ ದಾಟುತ್ತಾರೆ ಎಂಬುದು ಈ ಸಂಶೋಧನೆಗಳ ಸಾರ. ಕನ್ನಡದಲ್ಲಿ ಇದಕ್ಕೆ ಪದದ ಬರ ಇಲ್ಲ. ಕಳವಳ ನಾಳೆಯ ಕಡೆ ನೋಡುತ್ತದೆ, ಕೊರಗು ನಿನ್ನೆಯ ಕಡೆ. ತಳಮಳ ಈಗಿನದು, ಎರಡು ಕಡೆಗೆ ಎಳೆಯುವಂಥದ್ದು. ಅಳುಕು ಅಂದರೆ ಮಾಡಬೇಕೆಂದಿದ್ದೂ ಕಾಲು ಹಿಂದೆ ಹೋಗುವುದು. ಹಪಹಪಿ ಇದ್ದವನಿಗೆ ಏನೋ ಬೇಕಾಗಿದೆ, ಹತಾಶೆ ಇದ್ದವನಿಗೆ ಬೇಕು ಅನ್ನಿಸುವುದೇ ನಿಂತಿದೆ. ಇವೆಲ್ಲ ಪರೀಕ್ಷೆಗೆ ಓದಿ ಬಿಟ್ಟ ಪದಗಳಾದವು, ಅಷ್ಟೇ. ಇನ್ನು ಯಾರಾದರೂ 'ಬೇಜಾರು' ಅಂದರೆ 'ಎಂಥ ಬೇಜಾರು, ಸಿಟ್ಟಾ, ಸುಸ್ತಾ, ಹೆದರಿಕೆಯಾ?' ಎಂದು ಒಂದು ಸಲ ಕೇಳಿ ನೋಡಿ. ಹೆಚ್ಚಿನವರು ಸ್ವಲ್ಪ ಹೊತ್ತು ಸುಮ್ಮನಿದ್ದು ಸರಿಯಾದ ಉತ್ತರವನ್ನೇ ಕೊಡುತ್ತಾರೆ.

ಮಂಡೆಬಿಸಿ ಅಂದರೆ ಆಂಗ್ಸೈಟಿಯೇ?

ಹತ್ತಿರ ಹತ್ತಿರ, ಪೂರ್ತಿ ಅಲ್ಲ. ಮಂಡೆಬಿಸಿಯಲ್ಲಿ ಹೊರಗಿನ ಕಾರಣವೂ ಸೇರಿದೆ: 'ಮಗಳ ಮದುವೆಯ ಮಂಡೆಬಿಸಿ', 'ಕಂಟ್ರಾಕ್ಟುದಾರನದ್ದೇ ಮಂಡೆಬಿಸಿ'. ಕಾರಣ ಮುಗಿದರೆ ಅದೂ ತಣಿಯುತ್ತದೆ. ಮದುವೆ ಮುಗಿದು ತಿಂಗಳಾದರೂ ಎದೆ ಹೊಡೆದುಕೊಳ್ಳುತ್ತಿದ್ದರೆ, ನಿದ್ದೆ ಬಾರದಿದ್ದರೆ, ಮಂಡೆಬಿಸಿಗೆ ಹೊಸ ಹೊಸ ಕಾರಣ ತಾನಾಗಿ ಹುಟ್ಟಿಕೊಳ್ಳುತ್ತಿದ್ದರೆ ಡಾಕ್ಟರನ್ನು ಕಾಣಬೇಕು.

ನಮ್ಮ ಭಾಷೆಗಳು ಮನಸ್ಸಿನ ನೋವನ್ನು ಮೈಯಲ್ಲೇ ಇಟ್ಟು ಮಾತಾಡುತ್ತವೆ. ಎದೆ ಭಾರ, ಹೊಟ್ಟೆ ಉರಿ, ಕರುಳು ಚುರ್ರೆನ್ನುವುದು, ಸಂಕಟ. 'ಸಂಕಟ ಆಗ್ತದೆ' ಎಂದು ಹೇಳಿದ ಅಜ್ಜಿಗೆ ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ಕಳಿಸುವುದು ನಮ್ಮ ಊರುಗಳಲ್ಲಿ ಮಾಮೂಲು. ಎದೆನೋವಿಗೆ ಮೊದಲು ಹೃದಯ ನೋಡಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಇಸಿಜಿ ಸರಿ ಇದೆ ಎಂದ ಮೇಲೆ 'ನಿನಗೆ ಎಂತದೂ ಇಲ್ಲ' ಎಂದು ಮುಗಿಸಿಬಿಡುವುದು ಮಾತ್ರ ಸರಿಯಲ್ಲ. ಎಂತದೋ ಉಂಟು.

ಜಿಂಬಾಬ್ವೆಯಲ್ಲಿ ಒಬ್ಬರು ಇದನ್ನು ಚೆನ್ನಾಗಿ ಬಳಸಿಕೊಂಡರು. ಅಲ್ಲಿನ ಶೋನಾ ಭಾಷೆಯಲ್ಲಿ 'ಕುಫುಂಗಿಸಿಸಾ' ಎಂದರೆ ಅತಿಯಾಗಿ ಯೋಚಿಸುವುದು. ನಾವು 'ಅವಳಿಗೆ ಯೋಚನೆ ಜಾಸ್ತಿ' ಅನ್ನುವುದಿಲ್ಲವೇ, ಅದೇ. ಮನೋವೈದ್ಯ ಡಿಕ್ಸನ್ ಚಿಬಾಂಡಾ 2006ರಿಂದ ಕಟ್ಟಿದ 'ಫ್ರೆಂಡ್‌ಶಿಪ್ ಬೆಂಚ್' ಯೋಜನೆಯಲ್ಲಿ, ತರಬೇತಿ ಪಡೆದ ಅಜ್ಜಿಯಂದಿರು ಆರೋಗ್ಯ ಕೇಂದ್ರದ ಹೊರಗಿನ ಮರದ ಬೆಂಚಿನ ಮೇಲೆ ಕೂತು ಜನರ ಮಾತು ಕೇಳುತ್ತಾರೆ. ಅವರು ಖಿನ್ನತೆ ಎಂಬ ವೈದ್ಯರ ಪದ ಹಿಡಿಯದೆ ಊರಿನ ಪದವನ್ನೇ ಹಿಡಿದರು. ಹರಾರೆಯ 24 ಕ್ಲಿನಿಕ್‌ಗಳಲ್ಲಿ 573 ಮಂದಿಯ ಮೇಲೆ ನಡೆದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಬೆಂಚಿಗೆ ಬಂದವರ ಲಕ್ಷಣಗಳು ಆರು ತಿಂಗಳಲ್ಲಿ ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಗಣನೀಯವಾಗಿ ಇಳಿದಿದ್ದವು. ಹಾಗಾಗಿ ಡಾಕ್ಟರ ಮುಂದೆ ಮಂಡೆಬಿಸಿ ಎಂದೇ ಹೇಳಿ. ಜೊತೆಗೆ ಎಷ್ಟು ದಿನದಿಂದ, ನಿದ್ದೆ ಹೇಗೆ, ಹಸಿವು ಹೇಗೆ, ಕೆಲಸಕ್ಕೆ ಹೋಗಲಿಕ್ಕೆ ಆಗುತ್ತದಾ ಎಂಬುದನ್ನೂ ಹೇಳಿ.

ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಆಫೀಸಿನಲ್ಲಿ ಇಂಗ್ಲಿಷ್. ಕೌನ್ಸೆಲಿಂಗ್‌ಗೆ ಹೋದರೆ ಯಾವುದರಲ್ಲಿ ಮಾತಾಡಬೇಕು?

ಅಳು ಬರುವುದು ಯಾವ ಭಾಷೆಯಲ್ಲೋ ಅದರಲ್ಲಿ ಶುರು ಮಾಡಿ. ಟರ್ಕಿಶ್ ಮತ್ತು ಇಂಗ್ಲಿಷ್ ಎರಡನ್ನೂ ಬಲ್ಲವರ ಮೇಲೆ ಕ್ಯಾಥರೀನ್ ಹ್ಯಾರಿಸ್ ಮತ್ತು ಸಂಗಡಿಗರು ಮಾಡಿದ ಅಧ್ಯಯನ 2003ರಲ್ಲಿ ಬಂತು. ಬೈಗುಳ, ಚಿಕ್ಕಂದಿನಲ್ಲಿ ತಂದೆ ತಾಯಿ ಗದರುತ್ತಿದ್ದ ಮಾತುಗಳನ್ನು ಕೇಳಿಸಿ ಚರ್ಮದ ಪ್ರತಿಕ್ರಿಯೆ ಅಳೆದರು. ತಾಯ್ನುಡಿಯ ಗದರಿಕೆಗೆ ಮೈ ಹೆಚ್ಚು ಎಚ್ಚರಗೊಂಡಿತು, ಕಲಿತ ಭಾಷೆಯದಕ್ಕೆ ಅಷ್ಟಿಲ್ಲ. 'ಐ ಫೀಲ್ ಲೋ' ಎಂದು ಸಲೀಸಾಗಿ ಹೇಳುವ ಹುಡುಗ ತುಳುವಿನಲ್ಲಿ 'ಎಂಕ್ ಪೋಡಿಗೆ ಆಪುಂಡು' (ನನಗೆ ಹೆದರಿಕೆ ಆಗ್ತದೆ) ಅನ್ನುವಾಗ ಗಂಟಲು ಕಟ್ಟಿಕೊಳ್ಳುವುದು ಅದಕ್ಕೇ. ಕೊಂಕಣಿ, ಬ್ಯಾರಿ, ಕುಂದಾಪುರ ಕನ್ನಡ ಮಾತಾಡುವವರಿಗೂ ಇದು ಅನ್ವಯ.

ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಕಲಿತ ಭಾಷೆ ಕೆಲವೊಮ್ಮೆ ಆಸರೆ. ಲೈಂಗಿಕ ದೌರ್ಜನ್ಯದಂಥ ವಿಷಯ ಮನೆಮಾತಿನಲ್ಲಿ ನಾಲಗೆಗೆ ಬರುವುದೇ ಇಲ್ಲ, ಇಂಗ್ಲಿಷಿನಲ್ಲೋ ಕನ್ನಡದಲ್ಲೋ ಸ್ವಲ್ಪ ದೂರ ನಿಂತು ಹೇಳಲಿಕ್ಕಾಗುತ್ತದೆ. ಅದೂ ಸರಿಯೇ. ಬೇಡವಾದದ್ದು ಒಂದೇ: ಭಾಷೆ ಬಾರದ ಅತ್ತೆಯ ಪರವಾಗಿ ಸೊಸೆ, ಸೊಸೆಯ ಪರವಾಗಿ ಗಂಡ ಭಾಷಾಂತರಕ್ಕೆ ಕೂರುವುದು. ಆಸ್ಪತ್ರೆಯಲ್ಲಿ ತುಳು ಬಲ್ಲ ನರ್ಸ್ ಒಬ್ಬರಾದರೂ ಇದ್ದೇ ಇರುತ್ತಾರೆ, ಕೇಳಿ.

ಅಪ್ಪ ಒಂದು ದಿನವೂ 'ಪ್ರೀತಿ' ಎಂಬ ಪದ ಆಡಿದವರಲ್ಲ. ಹಾಗಾದರೆ ಪ್ರೀತಿ ಇರಲಿಲ್ಲವಾ?

ಇತ್ತು ಎಂದು ನಾನು ಇಲ್ಲಿಂದ ಹೇಳುವುದು ಹೇಗೆ? ಪದ ಇಲ್ಲದ ಕಡೆ ಪ್ರೀತಿ ಇರುತ್ತದೆ, ಪದ ಧಾರಾಳವಾಗಿರುವ ಕಡೆ ಇಲ್ಲದೆಯೂ ಇರಬಹುದು. ನಮ್ಮಲ್ಲಿ 'ಲವ್' ಎಂಬುದು ಹುಡುಗ ಹುಡುಗಿಯ ವ್ಯವಹಾರಕ್ಕೆ ಮೀಸಲಾಗಿಬಿಟ್ಟಿದೆ; 'ಅವನಿಗೆ ಲವ್ ಉಂಟಂತೆ' ಎಂದರೆ ಮನೆಯಲ್ಲಿ ಗಲಾಟೆ ಶುರು ಎಂದೇ ಅರ್ಥ. ತುಳುವಿನ 'ಮೋಕೆ' ಹಾಗಲ್ಲ. ಅಪ್ಪೆಗೂ (ಅಮ್ಮನಿಗೂ), ಮಕ್ಕಳಿಗೂ, ಊರಿಗೂ ಸಲ್ಲುತ್ತದೆ, ಸಭೆಯಲ್ಲಿ ಮೈಕ್ ಹಿಡಿದು 'ಮೋಕೆದ ಬಂಧುಲೆ' ಅಂದರೂ ಯಾರಿಗೂ ನಾಚಿಕೆಯಿಲ್ಲ. ಕೊಂಕಣಿಯಲ್ಲೂ 'ಮೋಗ್' ಪದ ಇಗರ್ಜಿಯಲ್ಲೂ ನಡೆಯುತ್ತದೆ, ಪ್ರೇಮಪತ್ರದಲ್ಲೂ ನಡೆಯುತ್ತದೆ.

'ಒಣಸ್ ಆಂಡಾ' (ಊಟ ಆಯ್ತಾ) ಎಂದು ಕೇಳುವುದೇ ನಮ್ಮ ಐ ಲವ್ ಯೂ ಎಂಬ ರೀಲ್ಸ್ ಈಗ ಬಹಳ ಓಡುತ್ತವೆ. ಅರ್ಧ ನಿಜ. ಗಲ್ಫಿನಲ್ಲಿ ಇಪ್ಪತ್ತು ವರ್ಷ ದುಡಿದು, ಶುಕ್ರವಾರಕ್ಕೊಂದು ಫೋನಿನಲ್ಲಿ 'ಓದ್ತಿದ್ದೀಯಾ, ಊಟ ಆಯ್ತಾ' ಎಂದಷ್ಟೇ ಕೇಳಿದ ಅಪ್ಪಂದಿರ ಮಕ್ಕಳು ಈ ಕರಾವಳಿಯಲ್ಲಿ ಎಷ್ಟೋ ಮಂದಿ. ಅವರಿಗೆ ಆ ಮಾತಿನ ಹಿಂದಿನ ಪ್ರೀತಿ ಅರ್ಥವಾಗುವ ಹೊತ್ತಿಗೆ ಅವರಿಗೇ ಮಕ್ಕಳಾಗಿರುತ್ತವೆ. ಅಷ್ಟು ತಡ ಯಾಕೆ ಮಾಡಬೇಕು ಎಂಬುದು ನನ್ನ ಪ್ರಶ್ನೆ. ಇಂಗ್ಲಿಷಿನ ಮೂರು ಪದ ಬಾಯಿಗೆ ಬಾರದಿದ್ದರೆ ಬೇಡ. 'ನೀನು ಬಂದದ್ದು ಖುಷಿಯಾಯ್ತು', 'ನಿನ್ನೆ ನೀನು ಮಾಡಿದ್ದು ಒಳ್ಳೆಯದಾಯ್ತು' ಎನ್ನಲಿಕ್ಕೆ ಯಾವ ಗಂಡಸಿಗೂ ಸಂಕೋಚವಾಗಬೇಕಿಲ್ಲ.

ರಾಬರ್ಟ್ ಸ್ಟರ್ನ್‌ಬರ್ಗ್ ಎಂಬ ಮನಶ್ಶಾಸ್ತ್ರಜ್ಞ 1986ರಲ್ಲಿ ಪ್ರೀತಿಯನ್ನು ಆಪ್ತತೆ, ಉತ್ಕಟತೆ, ಬದ್ಧತೆ ಎಂದು ಮೂರಾಗಿ ಬಿಡಿಸಿದ. ನಮ್ಮ ಹಿರಿಯರ ದಾಂಪತ್ಯಗಳಲ್ಲಿ ಬದ್ಧತೆ ಬೇಕಾದಷ್ಟು ಇತ್ತು. ಆಪ್ತತೆಗೆ ಮಾತು ಬೇಕಾಗುತ್ತದೆ, ಅಲ್ಲೇ ಕೊರತೆ.

ಗಂಡ ಹೆಂಡತಿ ಜಗಳದಲ್ಲಿ ಒಂದು ಮಾತು ಯಾಕೆ ಅಷ್ಟು ದೊಡ್ಡದಾಗುತ್ತದೆ?

ಹೆಚ್ಚಾಗಿ ಆ ಮಾತಿನಲ್ಲಿ 'ಯಾವಾಗಲೂ' ಎಂಬುದೊಂದು ಸೇರಿರುತ್ತದೆ. 'ಗ್ಯಾಸ್ ಬುಕ್ ಮಾಡಲಿಲ್ಲ' ಎಂಬುದಕ್ಕೆ ಉತ್ತರ ಇದೆ. 'ನೀವು ಯಾವಾಗಲೂ ಹೀಗೇ' ಎಂಬುದಕ್ಕೆ ಇಲ್ಲ. 'ನಿನ್ನ ತವರಿನವರೆಲ್ಲ ಹೀಗೇ' ಎಂದ ಮೇಲಂತೂ ಜಗಳ ಗ್ಯಾಸ್ ಬಿಟ್ಟು ಎಲ್ಲಿಗೋ ಹೋಯಿತು. ದಂಪತಿಗಳ ಜಗಳಗಳನ್ನೇ ದಶಕಗಟ್ಟಲೆ ಅಧ್ಯಯನ ಮಾಡಿದ ಅಮೆರಿಕದ ಜಾನ್ ಗಾಟ್‌ಮನ್, ಸಂಬಂಧ ಕೆಡಿಸುವ ನಾಲ್ಕು ಅಭ್ಯಾಸಗಳಲ್ಲಿ ತಿರಸ್ಕಾರವನ್ನೇ ಅತಿ ಕೆಟ್ಟದ್ದೆಂದು ಗುರುತಿಸಿದ್ದಾರೆ. ಉಳಿದವು ವ್ಯಕ್ತಿಯ ಮೇಲೇ ಹೋಗುವ ಟೀಕೆ, ತನ್ನ ತಪ್ಪೇ ಇಲ್ಲವೆನ್ನುವುದು, ಬಾಯಿಗೆ ಬೀಗ ಹಾಕಿ ಕೂರುವುದು. ಕೊನೆಯದು ನಮ್ಮ ಗಂಡಸರಲ್ಲಿ ಧಾರಾಳ. 'ಎಂತ ಆಯ್ತು?' 'ಎಂತ ಇಲ್ಲ.' ಆಮೇಲೆ ಟಿವಿ.

ಒಬ್ಬನೇ ಕೂತು ತನ್ನೊಳಗೆ ಆಡಿಕೊಳ್ಳುವ ಮಾತಿಗೂ ಇದು ಸಲ್ಲುತ್ತದೆ. ಖಿನ್ನತೆ, ಆತಂಕ ಇರುವವರು ಬರೆಯುವುದನ್ನು ಹೋಲಿಸಿ ನೋಡಿದ 2018ರ ಬ್ರಿಟಿಷ್ ಅಧ್ಯಯನವೊಂದು, ಅವರ ಬರಹದಲ್ಲಿ 'ಯಾವಾಗಲೂ', 'ಏನೂ ಇಲ್ಲ', 'ಸಂಪೂರ್ಣ' ಎಂಬಂಥ ಪದಗಳು ಇತರರಿಗಿಂತ ಹೆಚ್ಚು ಇರುವುದನ್ನು ಕಂಡಿತು. 'ನನಗೆ ಯಾರೂ ಇಲ್ಲ' ಎಂದು ಮನಸ್ಸಿನಲ್ಲಿ ಬಂದಾಗ 'ಇವತ್ತು ಯಾರೂ ಫೋನ್ ಮಾಡಲಿಲ್ಲ' ಎಂದು ತಿದ್ದಿಕೊಂಡರೆ, ಕಡೇಪಕ್ಷ ಅದು ನಿಜ.

ಹೊಡೆತ ಇರುವ ಮನೆಗೆ ಮಾತ್ರ ಈ ಉತ್ತರ ಹೇಳಿದ್ದಲ್ಲ. ಅಲ್ಲಿ ಪದ ತಿದ್ದಿ ಪ್ರಯೋಜನವಿಲ್ಲ. ಮಹಿಳಾ ಸಹಾಯವಾಣಿ 181, ತುರ್ತಿಗೆ 112.

ಬ್ರೇಕಪ್ ಆದದ್ದಕ್ಕೆ ದುಃಖ ಎನ್ನಬಹುದಾ? ಯಾರೂ ಸತ್ತಿಲ್ಲವಲ್ಲ?

ಎನ್ನಬಹುದು. ಸಮಾಜ ಒಪ್ಪದ, ಬಹಿರಂಗವಾಗಿ ಅಳಲು ಬಿಡದ ದುಃಖಕ್ಕೆ ಕೆನೆತ್ ಡೋಕಾ ಎಂಬವರು 1989ರಲ್ಲೇ ಒಂದು ಹೆಸರು ಕೊಟ್ಟು ಪುಸ್ತಕ ತಂದರು. ಗರ್ಭಪಾತ, ಸಾಕುನಾಯಿಯ ಸಾವು, ವಿಚ್ಛೇದಿತ ಗಂಡನ ಸಾವು, ಯಾರಿಗೂ ಹೇಳದೆ ಇದ್ದ ಸಂಬಂಧ, ಎಲ್ಲವೂ ಅದರಲ್ಲಿ ಬರುತ್ತವೆ. ಬೇರೆ ಧರ್ಮದ ಹುಡುಗನನ್ನು ಮೆಚ್ಚಿ, ಹೆದರಿ ಬಿಟ್ಟ ಹುಡುಗಿಗೆ ನಮ್ಮ ಊರಿನಲ್ಲಿ ಅಳಲಿಕ್ಕೆ ಜಾಗ ಎಲ್ಲಿದೆ? ಅವಳಿಗೆ ಅಳು ಬಂದರೆ 'ತಲೆನೋವು' ಎನ್ನಬೇಕು. ಆ ತಲೆನೋವು ವಾರಗಟ್ಟಲೆ ಇರುತ್ತದೆ.

ಮಗುವಿಗೆ ಅಜ್ಜ ಸತ್ತದ್ದನ್ನು ಹೇಗೆ ಹೇಳುವುದು?

'ಸತ್ತು ಹೋದರು' ಎಂದೇ ಹೇಳಿ. ನಮ್ಮಲ್ಲಿ ತೀರಿಕೊಂಡರು, ಹೋಗಿಬಿಟ್ಟರು, ದೈವಾಧೀನರಾದರು, ಇನ್ನಿಲ್ಲ ಎಂದೆಲ್ಲ ಸೌಜನ್ಯದ ಮಾತುಗಳಿವೆ. ದೊಡ್ಡವರ ನಡುವೆ ಅವು ಚಂದ. ನಾಲ್ಕು ವರ್ಷದ ಮಗು ಮಾತನ್ನು ಮಾತಾಗಿಯೇ ತೆಗೆದುಕೊಳ್ಳುತ್ತದೆ. 'ಅಜ್ಜ ಮಲಗಿದ್ದಾರೆ' ಎಂದರೆ ಅದಕ್ಕೆ ರಾತ್ರಿ ಮಲಗಲು ಹೆದರಿಕೆ. 'ದೇವರು ಕರೆದುಕೊಂಡ' ಎಂದರೆ ನನ್ನನ್ನೂ ಕರೆದಾನೇ ಎಂದು ದೇವರ ಕೋಣೆಗೆ ಹೋಗಲಿಕ್ಕಿಲ್ಲ. 'ಊರಿಗೆ ಹೋಗಿದ್ದಾರೆ' ಎಂದರೆ ಹೇಳದೆ ಹೋದರಲ್ಲ ಎಂಬ ಸಿಟ್ಟು. 'ಅಜ್ಜನ ಮೈ ಕೆಲಸ ಮಾಡುವುದು ನಿಂತಿತು, ಇನ್ನು ಉಸಿರಾಡುವುದಿಲ್ಲ, ನೋವೂ ಆಗುವುದಿಲ್ಲ, ವಾಪಸ್ ಬರುವುದಿಲ್ಲ.' ಇಷ್ಟು ಸಾಕು.

ಸಾವು ಹಿಂದಿರುಗದ್ದು, ಎಲ್ಲರಿಗೂ ಬರುವಂಥದ್ದು ಎಂಬುದು ಮಕ್ಕಳಿಗೆ ಹೆಚ್ಚಾಗಿ ಐದರಿಂದ ಏಳು ವರ್ಷದ ಹೊತ್ತಿಗೆ ತಿಳಿಯತೊಡಗುತ್ತದೆ. ಅಲ್ಲಿಯ ತನಕ ಅದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಅದೇ ಉತ್ತರವನ್ನು ಮತ್ತೆ ಮತ್ತೆ ಕೊಡಬೇಕು. ಮಗುವಿನ ಸಿಟ್ಟಿನಿಂದಲೋ ಹಟದಿಂದಲೋ ಅಜ್ಜ ಸಾಯಲಿಲ್ಲ ಎಂಬುದನ್ನೂ ಬಾಯಿಬಿಟ್ಟು ಹೇಳಿ. ಅದು ಕೇಳಲಿಕ್ಕಿಲ್ಲ, ಆದರೆ ಯೋಚಿಸಿರುತ್ತದೆ.

ಸಾವಿನ ಮನೆಗೆ ಹೋದರೆ ಎಂತ ಹೇಳುವುದು?

ಕಮ್ಮಿ ಹೇಳಿ. 'ವಯಸ್ಸಾಗಿತ್ತಲ್ಲ', 'ನರಳದೆ ಹೋದರು, ಪುಣ್ಯವಂತರು', 'ನೀವೇ ಹೀಗೆ ಕೂತರೆ ಮಕ್ಕಳಿಗೆ ಯಾರು' ಇವೆಲ್ಲ ಹೇಳುವವರ ಮುಜುಗರ ಕಳೆಯಲು ಹುಟ್ಟಿದ ಮಾತುಗಳು ಎಂಬುದು ನನ್ನ ಅಭಿಪ್ರಾಯ. ಸತ್ತವರ ಹೆಸರು ಹಿಡಿದು ಒಂದು ನೆನಪು ಹೇಳಿ. ಬೊಜ್ಜದ (ಉತ್ತರಕ್ರಿಯೆಯ) ದಿನ ಊಟಕ್ಕೆ ನೂರಾರು ಜನ ಇರುತ್ತಾರೆ, ಅದಾಗಿ ಎರಡು ವಾರಕ್ಕೆ ಯಾರೂ ಇರುವುದಿಲ್ಲ. ಆಗ ಹೋಗಿ.

ದುಃಖಕ್ಕೆ ಐದು ಹಂತ ಇದೆಯಂತೆ. ನಾನು ಇನ್ನೂ ಮೊದಲನೆಯದರಲ್ಲೇ ಇದ್ದೇನಾ?

ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಗೆ ಎಂಬ ಐದನ್ನು ಎಲಿಸಬೆತ್ ಕುಬ್ಲರ್-ರಾಸ್ 1969ರಲ್ಲಿ ಬರೆದದ್ದು ಸಾಯುತ್ತಿರುವ ರೋಗಿಗಳ ಬಗ್ಗೆ. ಆಮೇಲೆ ಅದನ್ನು ಉಳಿದವರ ದುಃಖಕ್ಕೂ ಅಂಟಿಸಲಾಯಿತು. ಎಲ್ಲರೂ ಈ ಕ್ರಮದಲ್ಲಿಯೇ ದಾಟುತ್ತಾರೆ ಎಂಬುದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ನೀವು ಯಾವ ಹಂತದಲ್ಲೂ ಇಲ್ಲ, ಅದರ ಚಿಂತೆ ಬಿಡಿ.

ದುಃಖ ಎಂದರೆ ಸತ್ತವರನ್ನು ಬಿಟ್ಟು ಮುಂದೆ ಹೋಗುವುದು ಎಂಬ ಹಳೆಯ ಪಾಶ್ಚಾತ್ಯ ಯೋಚನೆಯೂ ಬದಲಾಗಿದೆ. ಸತ್ತವರ ಜೊತೆ ಸಂಬಂಧ ಬೇರೆ ರೂಪದಲ್ಲಿ ಮುಂದುವರಿಯುವುದು ಸಹಜ, ಅದು ರೋಗವೇನಲ್ಲ ಎಂದು ಡೆನಿಸ್ ಕ್ಲಾಸ್ ಮತ್ತಿಬ್ಬರು 1996ರಲ್ಲಿ ವಾದಿಸಿದರು. ಇದನ್ನು ತುಳುನಾಡಿಗೆ ಬಂದು ಹೇಳಿದರೆ ಅಜ್ಜಿಯಂದಿರು ನಕ್ಕಾರು. ಇಲ್ಲಿ ಆಟಿ ತಿಂಗಳಲ್ಲಿ ಕುಲೆಗಳಿಗೆ (ಸತ್ತವರ ಪ್ರೇತಗಳಿಗೆ) ಎಲೆ ಹಾಕಿ ಬಡಿಸುತ್ತಾರೆ. ಮದುವೆಯಾಗದೆ ಸತ್ತ ಮಕ್ಕಳಿಗೆ ವರ್ಷಗಳಾದ ಮೇಲೆ ಜೋಡಿ ಹುಡುಕಿ, ಸೀರೆ ಪಂಚೆ ಇಟ್ಟು ಕುಲೆ ಮದಿಮೆ ಮಾಡುವ ಕುಟುಂಬಗಳು ಈಗಲೂ ಇವೆ; ಮಗು ಇದ್ದಿದ್ದರೆ ಈಗ ಎಷ್ಟು ದೊಡ್ಡವಳಾಗಿರುತ್ತಿದ್ದಳು ಎಂಬ ಲೆಕ್ಕ ಅಲ್ಲಿ ಗುಟ್ಟಾಗಿ ಉಳಿಯುವುದಿಲ್ಲ, ಊರೆಲ್ಲ ಸೇರಿ ಹಾಕುವ ಲೆಕ್ಕವಾಗುತ್ತದೆ. ನವೆಂಬರ್ 2ರಂದು ಕ್ರೈಸ್ತರು ಸಮಾಧಿಗಳಿಗೆ ಹೂವು, ಮೋಂಬತ್ತಿ ಇಡುತ್ತಾರೆ. ಪ್ರೇತಗಳನ್ನು ನಂಬಬೇಕೆಂದು ನಾನು ಹೇಳುತ್ತಿಲ್ಲ. ಸತ್ತವರ ಹೆಸರೆತ್ತಲು ವರ್ಷಕ್ಕೊಂದು ದಿನ ಗೊತ್ತಿದ್ದರೆ ಉಳಿದ ದಿನ ಸ್ವಲ್ಪ ಸಲೀಸು ಎಂಬುದನ್ನು ಮಾತ್ರ ಕಂಡಿದ್ದೇನೆ.

ಸಮುದ್ರಕ್ಕೆ ಹೋದವರು ಬರಲಿಲ್ಲ, ಮೈಯೂ ಸಿಗಲಿಲ್ಲ. ಅವರನ್ನು 'ಇದ್ದಾರೆ' ಅನ್ನಬೇಕಾ, 'ಇದ್ದರು' ಅನ್ನಬೇಕಾ?

ಈ ಪ್ರಶ್ನೆ ಕರಾವಳಿಯದ್ದೇ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟ್ ಏ‍ಳು ಮಂದಿ ಮೀನುಗಾರರೊಂದಿಗೆ ಕಾಣೆಯಾಯಿತು. ಬೋಟಿನ ಅವಶೇಷ ಮಹಾರಾಷ್ಟ್ರದ ಮಾಲ್ವಣ್ ಆಚೆಯ ಸಮುದ್ರದಲ್ಲಿ ಇದೆಯೆಂದು ನೌಕಾಪಡೆ ಪತ್ತೆ ಮಾಡಿದ್ದು 2019ರ ಮೇ ತಿಂಗಳಲ್ಲಿ. ಆ ತಿಂಗಳುಗಳಲ್ಲಿ ಆ ಮನೆಗಳು ಯಾವ ಕಾಲದ ಕ್ರಿಯಾಪದ ಬಳಸಿರಬಹುದು? ದೊಡ್ಡ ಬೋಟಿನ ಸುದ್ದಿ ಪತ್ರಿಕೆಗೆ ಬರುತ್ತದೆ. ನಾಡದೋಣಿಯಿಂದ ಬಿದ್ದು ಸಿಗದೆ ಹೋದ ಒಬ್ಬನ ಮನೆಯವರೂ ಅದೇ ಸ್ಥಿತಿಯಲ್ಲಿ ಇರುತ್ತಾರೆ.

ಅಮೆರಿಕದ ಪಾಲಿನ್ ಬಾಸ್ 1970ರ ದಶಕದಲ್ಲಿ, ಯುದ್ಧದಲ್ಲಿ ಕಾಣೆಯಾದ ಸೈನಿಕರ ಕುಟುಂಬಗಳ ಜೊತೆ ಕೆಲಸ ಮಾಡುತ್ತ ಇದನ್ನು ಅನಿಶ್ಚಿತ ನಷ್ಟವೆಂದು ಗುರುತಿಸಿದರು. ಸಾವಿಗಾದರೆ ಕ್ರಿಯೆ ಇದೆ, ಸೂತಕ ಇದೆ, ಬಂದು ಕೂರುವ ನೆಂಟರಿದ್ದಾರೆ. ಇದಕ್ಕೆ ಯಾವುದೂ ಇಲ್ಲ. ಬೊಜ್ಜ ಮಾಡಿದರೆ ಕೈಯಾರೆ ಕೊಂದ ಹಾಗೆ, ಮಾಡದಿದ್ದರೆ ಕುಲೆಯನ್ನು ಬೀದಿಯಲ್ಲಿ ಬಿಟ್ಟ ಹಾಗೆ. ಹೆಂಡತಿ ಕುಂಕುಮ ಇಟ್ಟರೂ ಮಾತು, ತೆಗೆದರೂ ಮಾತು. ಬ್ಯಾಂಕು, ಪರಿಹಾರ, ವಿಧವಾ ವೇತನದ ಅರ್ಜಿ ಎಲ್ಲೆಡೆ ಮರಣ ಪ್ರಮಾಣಪತ್ರ ಕೇಳುತ್ತಾರೆ. ಏಳು ವರ್ಷ ಸುದ್ದಿಯಿಲ್ಲದಿದ್ದರೆ ಸತ್ತಿದ್ದಾರೆಂದು ಭಾವಿಸಲು ನಮ್ಮ ಸಾಕ್ಷ್ಯ ಕಾನೂನಿನಲ್ಲಿ ಅವಕಾಶವಿದೆ, ಆದರೆ ಏಳು ವರ್ಷ ಅನ್ನುವುದು ಶಾಲೆಗೆ ಸೇರಿದ ಮಗು ಹೈಸ್ಕೂಲು ಸಮೀಪಿಸುವಷ್ಟು ಕಾಲ.

ಬಾಸ್ ಅವರ ಸಲಹೆ, ಎರಡನ್ನೂ ಒಟ್ಟಿಗೆ ಹಿಡಿಯುವ ಮಾತು ಬಳಸಿ ಎಂದು. 'ಬಹುಶಃ ಬರಲಿಕ್ಕಿಲ್ಲ, ಆದರೂ ಬಂದರೆ ಎಂದು ಅನ್ನಿಸ್ತದೆ.' ನಮ್ಮ 'ಬರಲಿಕ್ಕಿಲ್ಲ' ಇದಕ್ಕೆ ಹೇಳಿ ಮಾಡಿಸಿದಂತಿದೆ. ಅದು ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ನೆರೆಯವರು ಮಾಡಬೇಕಾದದ್ದು, ಇದ್ದಾರೆ ಅಥವಾ ಇದ್ದರು ಎಂದು ಆ ಮನೆಯವರು ಅಂದಂತೆಯೇ ತಾವೂ ಅನ್ನುವುದು. ತಿದ್ದುವುದು ಬೇಡ. ಇವತ್ತು ಒಂದು, ನಾಳೆ ಇನ್ನೊಂದು ಅಂದರೂ ಸರಿ.

ಮರೆವಿನ ಕಾಯಿಲೆಯಾದ ತಂದೆ ತಾಯಿಯನ್ನು ನೋಡಿಕೊಳ್ಳುವವರದ್ದೂ ಇದೇ ಬಗೆಯ ನಷ್ಟ, ತಿರುವುಮುರುವಾಗಿ. ಮನುಷ್ಯ ಎದುರಿಗೇ ಇದ್ದಾರೆ, 'ನೀನು ಯಾರ ಮಗಳು?' ಎಂದು ಕೇಳುತ್ತಾರೆ.

ಎಷ್ಟು ದಿನ ದುಃಖಪಟ್ಟರೆ ಅದು ಕಾಯಿಲೆ?

ಸೂತಕಕ್ಕೆ ದಿನದ ಲೆಕ್ಕವಿದೆ, ಮುಸ್ಲಿಂ ವಿಧವೆಯ ಇದ್ದತ್‌ಗೆ ನಾಲ್ಕು ತಿಂಗಳು ಹತ್ತು ದಿನ. ಅವು ಸಮಾಜ ಕೊಟ್ಟ ರಜೆ, ಮನಸ್ಸಿನ ಕ್ಯಾಲೆಂಡರ್ ಬೇರೆ. ವೈದ್ಯರು ನೋಡುವುದು ಹೀಗೆ: ಹಂಬಲ ತೀವ್ರವಾಗಿ, ದಿನದ ಕೆಲಸಗಳೇ ನಡೆಯದಷ್ಟು ಉಳಿದುಬಿಟ್ಟರೆ ಅದು ದೀರ್ಘಕಾಲದ ದುಃಖದ ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ಅದಕ್ಕೆ ಕನಿಷ್ಠ ಆರು ತಿಂಗಳ ಗಡಿ, ಅಮೆರಿಕದ ಮನೋವೈದ್ಯರ 2022ರ ಕೈಪಿಡಿಯಲ್ಲಿ ದೊಡ್ಡವರಿಗೆ ಹನ್ನೆರಡು ತಿಂಗಳು. ವರ್ಷಾಂತಿಕದ ದಿನ ಅತ್ತರೆ ಕಾಯಿಲೆಯಲ್ಲ. ಖಿನ್ನತೆಯ ಲೆಕ್ಕ ಬೇರೆ: ಎರಡು ವಾರ, ಹೆಚ್ಚುಕಮ್ಮಿ ದಿನವಿಡೀ, ಮನಸ್ಸು ಕುಗ್ಗಿರುವುದು ಅಥವಾ ಯಾವುದರಲ್ಲೂ ರುಚಿ ಇಲ್ಲದಿರುವುದು, ಜೊತೆಗೆ ನಿದ್ದೆ, ಹಸಿವು, ಗಮನದಲ್ಲಿ ವ್ಯತ್ಯಾಸ.

ಮಕ್ಕಳು ಮಾತಿಗೊಮ್ಮೆ 'ಡಿಪ್ರೆಶನ್', 'ಟ್ರಾಮಾ', 'ಟಾಕ್ಸಿಕ್' ಅಂತಾರೆ. ನಂಬಬೇಕಾ?

ಪದವನ್ನು ನಂಬುವ ಮೊದಲು ಮಗುವನ್ನು ನಂಬಿ. ಆಸ್ಟ್ರೇಲಿಯಾದ ಮನಶ್ಶಾಸ್ತ್ರಜ್ಞ ನಿಕ್ ಹಾಸ್ಲಮ್ 2016ರಲ್ಲಿ ತೋರಿಸಿದಂತೆ ಟ್ರಾಮಾ, ಬುಲ್ಲಿಯಿಂಗ್‌ನಂಥ ಪದಗಳು ದಶಕಗಳಿಂದ ಅಗಲವಾಗುತ್ತ ಬಂದಿವೆ. ಇಂಟರ್ನಲ್ಸ್‌ನಲ್ಲಿ ಅಂಕ ಕಮ್ಮಿಯಾದದ್ದೂ ಟ್ರಾಮಾ, ಸಿಟ್ಟಿನ ಅತ್ತೆಯೂ ಟಾಕ್ಸಿಕ್. ಇದರಿಂದ ನಷ್ಟ ಎರಡು ಬಗೆಯದು. ನಿಜವಾಗಿ ಖಿನ್ನತೆ ಇದ್ದವರ ಮಾತು ಸಪ್ಪೆಯಾಗುತ್ತದೆ, ಬರಿಯ ಬೇಸರ ಇದ್ದವರು ತಮ್ಮನ್ನು ರೋಗಿ ಎಂದುಕೊಳ್ಳುತ್ತಾರೆ. ಹಾಗೆಂದು ನಗಬೇಡಿ. 'ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ' ಎನ್ನುವವರ ಕಾಲದಲ್ಲಿ ಇದೆಲ್ಲ ಇತ್ತು, ಹೆಸರು ಮಾತ್ರ ಇರಲಿಲ್ಲ. 'ಡಿಪ್ರೆಶನ್ ಅಂದರೆ ನಿನಗೆ ಹೇಗಾಗ್ತದೆ, ಬೆಳಿಗ್ಗೆ ಏಳುವಾಗ ಎಂತ ಅನ್ನಿಸ್ತದೆ?' ಎಂದು ಕೇಳಿ.

'ಮರ್ಲ್', 'ಹುಚ್ಚು', 'ಮಂಡೆ ಸರಿ ಇಲ್ಲ' ಎಂದು ತಮಾಷೆಗೂ ಹೇಳಬಾರದಾ?

ಆಟದ ಮರ್ಲ್, ಕ್ರಿಕೆಟ್ ಹುಚ್ಚು ಎನ್ನುವುದನ್ನು ಯಾರೂ ತಡೆಯುವುದಿಲ್ಲ. ಯಕ್ಷಗಾನಕ್ಕೆ ರಾತ್ರಿಯಿಡೀ ಕೂರುವವನಿಗೆ ಆ ಪದ ಬಿರುದು. ಮನೋವೈದ್ಯರ ಹತ್ತಿರ ಹೋದವನ ಬಗ್ಗೆ ಅದೇ ಪದ ಆಡಿದರೆ ಅವನು ಮುಂದಿನ ಸಲ ಹೋಗುವುದಿಲ್ಲ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಕಾಯಿಲೆಗೆ ತಕ್ಕಂತೆ ನೂರರಲ್ಲಿ 70ರಿಂದ 92 ಮಂದಿ ಚಿಕಿತ್ಸೆಯೇ ಪಡೆಯದೆ ಉಳಿದಿದ್ದರು. ಇದಕ್ಕೆ ಕಾರಣ ಹಲವು, ನಾಲಗೆ ಅವುಗಳಲ್ಲಿ ಒಂದು.

ಬರೆದರೆ ಹಗುರವಾಗುತ್ತದೆ ಎನ್ನುತ್ತಾರೆ. ನಿಜವಾ?

ಸ್ವಲ್ಪ ಮಟ್ಟಿಗೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಶುರು ಮಾಡಿದ ವಿಧಾನ ಸರಳ: ನಾಲ್ಕು ದಿನ, ದಿನಕ್ಕೆ 15 ನಿಮಿಷ, ಮನಸ್ಸನ್ನು ನೋಯಿಸಿದ್ದನ್ನು ಕಾಗುಣಿತ ನೋಡದೆ ಬರೆಯುವುದು. ಬರೆದ ಕೂಡಲೇ ಮನಸ್ಸು ಭಾರವಾಗುವುದುಂಟು, ಲಾಭ ಕಾಣುವುದು ಆಮೇಲೆ. ಅದೂ ಸರಾಸರಿಯಲ್ಲಿ ಸಣ್ಣದು. ಯಾರಿಗೂ ತೋರಿಸಬೇಕಿಲ್ಲ, ಹರಿದು ಹಾಕಬಹುದು. ತೀರಾ ಹೊಸ ಗಾಯಕ್ಕೆ ಬೇಡ.

'ಸಾಯ್ಬೇಕು ಅನ್ನಿಸ್ತದೆ' ಎಂದು ಯಾರಾದರೂ ಅಂದರೆ? ಎಲ್ಲಿಗೆ ಹೋಗುವುದು?

ನಮ್ಮ ಮಾತಿನಲ್ಲಿ ಸಾವು ಸಸಾರ. 'ಎಂಥ ಸಾವು ಮಾರಾಯ್ರೆ', 'ಬಿಸಿಲಿಗೆ ಸತ್ತೇ ಹೋದೆ'. ಹಾಗಾಗಿ ನಿಜವಾದದ್ದೂ ಈ ಗದ್ದಲದಲ್ಲಿ ಕಳೆದುಹೋಗುತ್ತದೆ. 'ನಾನಿಲ್ಲದಿದ್ದರೆ ನಿಮಗೆಲ್ಲ ಸುಖ', 'ಇನ್ನು ಹೆಚ್ಚು ದಿನ ತೊಂದರೆ ಕೊಡುವುದಿಲ್ಲ' ಎಂಬ ತಣ್ಣಗಿನ ಮಾತುಗಳನ್ನು ಬಿಡಬೇಡಿ. ಸುತ್ತಿ ಬಳಸಿ ಕೇಳುವುದು ಬೇಡ: 'ಸಾಯುವ ಯೋಚನೆ ಬರ್ತದಾ?' ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಹೆದರಿಕೆ ಎಲ್ಲರಿಗೂ ಇದೆ. ಸಂಶೋಧನೆಗಳಲ್ಲಿ ಹಾಗೆ ಕಂಡಿಲ್ಲ, ಕೇಳಿಸಿಕೊಂಡವರಿಗೆ ಹೆಚ್ಚಾಗಿ ನಿರಾಳವೇ ಆಗುತ್ತದೆ. 'ಹೌದು' ಎಂದರೆ ಉಪದೇಶ ಬೇಡ, ಒಬ್ಬರನ್ನೇ ಬಿಡಬೇಡಿ, ಅಪಾಯದ ವಸ್ತುಗಳನ್ನು ಕೈಗೆ ಸಿಗದಂತೆ ಇಡಿ.

ಪೊಲೀಸ್ ಕೇಸಿಗೆ ಹೆದರಿ ಆಸ್ಪತ್ರೆಗೆ ಹೋಗದವರಿದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎನ್ನುತ್ತದೆ. ಅವರಿಗೆ ಆರೈಕೆ ಒದಗಿಸುವುದು ಸರಕಾರದ ಹೊಣೆ.

ಟೆಲಿ ಮಾನಸ್ 14416 ಉಚಿತ. 2022ರ ಅಕ್ಟೋಬರ್ 10ರಂದು ಶುರುವಾದ ಕೇಂದ್ರ ಸರಕಾರದ ಸೇವೆ. ಮಂಗಳೂರಿನವರಿಗೆ ಹಂಪನಕಟ್ಟೆಯ ವೆನ್ಲಾಕ್, ಉಡುಪಿಯವರಿಗೆ ಅಜ್ಜರಕಾಡಿನ ಜಿಲ್ಲಾಸ್ಪತ್ರೆ ಇದೆ. ತಾಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಯೋಜನೆಯಡಿ ಮಂಗಳವಾರ ಮನೋವೈದ್ಯರು ಸಿಗುವ ವ್ಯವಸ್ಥೆ ಇದೆ, ಹೋಗುವ ಮೊದಲು ಫೋನ್ ಮಾಡಿ ವಿಚಾರಿಸಿ. ಹಳೆಯ ಚೀಟಿ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿ ಜೊತೆಗಿರಲಿ, ಆಯುರ್ವೇದದ್ದೂ ಸೇರಿ. ಜೀವಕ್ಕೆ ಅಪಾಯ ಆಗಿಬಿಟ್ಟಿದ್ದರೆ ಇದ್ಯಾವುದಕ್ಕೂ ಕಾಯದೆ 108.